ಕೋಪದ ಕೆಂಪು

ಬಿಸಿಲಲ್ಲಿ ನಡೆದು ಬಂದರೆ ಆಕೆಯ ಮುಖ ಉರಿದು ಕೆಂಪಾಗುತ್ತಿತ್ತು. ಅದನ್ನು ಕಂಡ ಕೂಡಲೇ ಗಂಡ ಮಜ್ಜಿಗೆ ತಂದುಕೊಟ್ಟು, ಸದ್ದಿಲ್ಲದೆ ಪಾತ್ರೆ ತೊಳೆಯಲು ಹೋಗುತ್ತಿದ್ದ.

ಈಚೆಗೆ ಡಾಕ್ಟರು ಅದು ರೊಸೇಸಿಯಾ ಎಂಬ ಚರ್ಮದ ತೊಂದರೆ ಎಂದು ತಿಳಿಸಿ, ಸನ್‌ಸ್ಕ್ರೀನ್ ಹಚ್ಚಿಕೊಳ್ಳಲು ಹೇಳಿದರು. ಔಷಧಿ ಅಂಗಡಿಯಲ್ಲಿ ಮಗಳು ಒಂದನ್ನು ಆರಿಸಿದಳು.

“ಇದರಲ್ಲಿ ಸುವಾಸನೆ ಹಾಕಿಲ್ಲಮ್ಮ, ಉರಿಯಲ್ಲ. ಮೊದಲು ಕಿವಿ ಹಿಂದೆ ಹಚ್ಚಿ ನೋಡು.”

“ಬೇಡ ಕಣೆ. ಮೂವತ್ತು ವರ್ಷದಿಂದ ನಿಮ್ಮಪ್ಪ ಇದನ್ನ ಕೋಪ ಅಂದ್ಕೊಂಡಿದ್ದಾರೆ. ಕೆಂಪು ಹೋದ್ರೆ ಪಾತ್ರೆ ಎಲ್ಲ ನನ್ನ ಪಾಲಿಗೇ.”

“ಪಾಪ, ನಿಜ ಹೇಳಿಬಿಡಮ್ಮ.”

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಆಕೆ ಗಂಡನಿಗೆ ಎಲ್ಲವನ್ನೂ ಹೇಳಿದಳು.

ಅವನು ನಕ್ಕ. “ಗೊತ್ತು ಕಣೆ. ಧಾರೆ ಎರೆದ ದಿನವೇ ನಿಮ್ಮಪ್ಪ ಹೇಳಿದ್ರು, ಮಗಳಿಗೆ ಬಿಸಿಲು ಆಗಿಬರಲ್ಲ ಅಂತ.”