ಗಾಳಿಯ ಪಾಠ

ಪಕ್ಕದ ಕೋಣೆಯಲ್ಲಿ ಏರ್ ಪ್ಯೂರಿಫೈಯರ್ ಇದ್ದಕ್ಕಿದ್ದಂತೆ ಮೊರೆಯತೊಡಗಿದಾಗ ಸಿಂಧೂರ ಮನೆಯಲ್ಲೇ ಕೂತು ಆಫೀಸಿನ ಮೀಟಿಂಗಿನಲ್ಲಿದ್ದಳು. ಅದು ಹಾಗೆ ಮೊರೆಯುವುದು ಹೊರಗೆ ಹೊಗೆಮಂಜು ಕವಿದು ಎದುರಿನ ಟವರು ಕೂಡ ಕಾಣದಂತಾದಾಗ ಮಾತ್ರ. ಇವತ್ತು ನೋಡಿದರೆ ಬೆಳಗಿನಿಂದ ಗಾಳಿ ಬೀಸಿ ನೋಯ್ಡಾದ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮೆಷಿನ್ನು ಕೆಟ್ಟಿತೇನೋ ಎಂದುಕೊಳ್ಳುವಷ್ಟರಲ್ಲಿ ಮಗಳ ಕೆಮ್ಮು ಕೇಳಿಸಿತು. ಆ ಕೆಮ್ಮು ಯಾವ ಜಾತಿಯದೆಂದು ಅವಳಿಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಮೈಕು ಮುಚ್ಚಿ ಓಡಿದಳು.

ಕೋಣೆಯ ತುಂಬ ಹೊಗೆ, ಮಲ್ಲಿಗೆಯ ಘಾಟು. ಅತ್ತೆ ಊರಿನಿಂದ ಕಳಿಸಿದ್ದ, ದೇವರ ಗೂಡಿನಲ್ಲಿ ಒಡೆಯದೆ ಬಿದ್ದಿದ್ದ ಊದುಬತ್ತಿಯ ಕಟ್ಟು ನೆಲದ ಮೇಲೆ ಬರಿದಾಗಿ ಬಿದ್ದಿತ್ತು. ಬತ್ತಿಗಳನ್ನೆಲ್ಲ ಒಟ್ಟಿಗೆ ಹಚ್ಚಿ, ಅಕ್ಕಿ ತುಂಬಿದ ಲೋಟದಲ್ಲಿ ಸಿಕ್ಕಿಸಿ, ಪ್ಯೂರಿಫೈಯರಿಗೆ ಒತ್ತಿ ಇಟ್ಟಿತ್ತು. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು ಎಂಟು ವರ್ಷದ ಸ್ಫೂರ್ತಿ. ಕಣ್ಣಲ್ಲಿ ನೀರು, ಮುಖದಲ್ಲಿ ಗೆದ್ದ ಸಂಭ್ರಮ.

'ಅಮ್ಮಾ, ರೆಡ್ ಹೋ ಗಯಾ! ಫೋರ್ ನೈಂಟಿ ನೈನ್!' ಪ್ಯೂರಿಫೈಯರಿನ ಮೇಲೆ ಗಾಳಿಯ ಅಂಕಿ ಕೆಂಪಗೆ ಉರಿಯುತ್ತಿತ್ತು.

'ಸಾಯ್ಬೇಕು ಅಂತಿದೀಯೇನೇ?' ಹೊಡೆಯಲೆಂದು ಎದ್ದ ಕೈ ಹಾಗೆಯೇ ಕಪಾಟಿನ ಮೇಲಿದ್ದ ಆಸ್ತಮಾ ಪಂಪಿನ ಕಡೆಗೆ ಹೋಯಿತು. ಲೋಟವನ್ನು ಬಚ್ಚಲಿಗೆ ಎಸೆದು, ಕಿಟಕಿಗಳನ್ನೆಲ್ಲ ತೆರೆದು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಪಂಪು ಬಾಯಿಗಿಟ್ಟಳು. 'ಎಳ್ಕೋ. ಇನ್ನೂ ಜೋರಾಗಿ. ಹಿಡ್ಕೋ, ಬಿಡಬೇಡ.'

ಇದೇ ಪಂಪಿಗಾಗಿ ಮಗಳನ್ನು ಶಾಲೆ ಬಿಡಿಸಿದ್ದು. ಹೋದ ವರ್ಷ ಕ್ಲಾಸಿನಲ್ಲಿ ಉಸಿರು ಸಿಗದೆ ಪಂಪು ಕೇಳಿದ ಹುಡುಗಿಯನ್ನು ಟೀಚರು 'ಡ್ರಾಮಾ ಮತ್ ಕರೋ' ಎಂದು ಗದರಿ ವರಾಂಡದಲ್ಲಿ ನಿಲ್ಲಿಸಿದ್ದಳು. ಪಂಪು ಟೀಚರ ಮೇಜಿನೊಳಗಿತ್ತು, ಮೇಜಿಗೆ ಬೀಗವಿತ್ತು. ಸಿಂಧೂರ ಹೋಗಿ ಮುಟ್ಟುವಾಗ ಮಗುವಿನ ತುಟಿ ನೀಲಿಯಾಗಿತ್ತು. ಪ್ರಿನ್ಸಿಪಾಲರು ಚಹಾ ತರಿಸಿ, ಹಾಗೆ ನೋಡಿದರೆ ಹುಡುಗಿಯ ಹಾಜರಿಯೂ ಕಡಿಮೆಯೇ ಇದೆ ಎಂದು ಮಾತು ತೆಗೆದಿದ್ದರು. ಚಹಾ ಮುಟ್ಟದೆ ಎದ್ದು ಬಂದವಳು ಮತ್ತೆ ಆ ಗೇಟು ದಾಟಲಿಲ್ಲ. 'ಶಾಲೆ ಬಿಡಿಸಿದಿರಂತೆ, ಫೀಸು ಕಟ್ಟೋಕಾಗ್ಲಿಲ್ವೇನಮ್ಮಾ?' ಎಂದು ಅತ್ತೆ ಫೋನಿನಲ್ಲಿ ಕುಟುಕಿದಾಗ, 'ಮಗು ಉಳೀಬೇಕಿತ್ತು ಅತ್ತೆ' ಎಂದಿದ್ದಳು. ಅಂದಿನಿಂದ ಮೀಟಿಂಗು ಮೀಟಿಂಗಿನ ನಡುವೆ ಗಣಿತ, ಕುಕ್ಕರು ಕೂಗುವ ಹೊತ್ತಿಗೆ ಕನ್ನಡ. ಮಗಳು ಹೇಳಿಕೊಟ್ಟದ್ದನ್ನು ತಟ್ಟನೆ ಹಿಡಿಯುತ್ತಿದ್ದಳು. ಇಲ್ಲದ್ದು ಜೊತೆ ಮಾತ್ರ. ಎದುರು ಮನೆಯ ನಿಹಾರಿಕಾ ಶಾಲೆ, ಟ್ಯೂಷನ್, ಡ್ಯಾನ್ಸ್ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಮಲಗುವ ಹೊತ್ತು.

ಈಚೆಗೆ ಎರಡು ವಾರ ಮಾತ್ರ ಹಾಗಿರಲಿಲ್ಲ. ಗಾಳಿ ವಿಷವಾಗಿದೆಯೆಂದು ಸರ್ಕಾರ ಶಾಲೆಗಳನ್ನು ಮುಚ್ಚಿಸಿತ್ತು. ನಿಹಾರಿಕಾ ಆನ್‌ಲೈನ್ ಕ್ಲಾಸಿಗೆ ಕ್ಯಾಮೆರಾ ಆಫ್ ಮಾಡಿ ಬಂದು ದಿನವಿಡೀ ಇದೇ ಕೋಣೆಯಲ್ಲಿ ಲೂಡೋ ಹಾಕಿಕೊಂಡು ಕೂರುತ್ತಿದ್ದಳು. 'ಅಬ್ ಸಬ್ ಕಾ ಹೋಮ್‌ಸ್ಕೂಲ್!' ಎಂದು ಸ್ಫೂರ್ತಿ ಮಂಚದ ಮೇಲೆ ಕುಣಿದಿದ್ದಳು. ಇವತ್ತು ಮಧ್ಯಾಹ್ನ ನಿಹಾರಿಕಾ ಒಳಗೂ ಬರದೆ, 'ಕಲ್ ಸೇ ಸ್ಕೂಲ್ ಖುಲ್ ರಹಾ ಹೈ ಯಾರ್, ಬೈ!' ಎಂದು ನಾಳೆ ಶಾಲೆ ತೆರೆಯುವ ಖುಷಿಯಲ್ಲಿ ಬಾಗಿಲಿನಿಂದಲೇ ಹಾರಿಹೋದಳು. ಸ್ಫೂರ್ತಿ ಅಳಲಿಲ್ಲ. 'ಅಮ್ಮಾ, ಇವತ್ತು ಗಾಳಿ ಎಷ್ಟು?' ಎಂದಷ್ಟೇ ಕೇಳಿದ್ದಳು. 'ತೊಂಬತ್ತು ಕಣೇ, ಹಸಿರು!' ಎಂದು ಸಿಂಧೂರಳೇ ಚಪ್ಪಾಳೆ ತಟ್ಟಿದ್ದಳು.

ಎರಡನೇ ಸಲ ಪಂಪು ಒತ್ತಿದ ಮೇಲೆ ಎದೆಯ ಸೀಟಿ ಸ್ವಲ್ಪ ಅಡಗಿತು.

'ಯಾಕೆ ಮಾಡ್ದೆ ಪುಟ್ಟಾ? ಹೊಗೆ ಅಂದ್ರೆ ನಿಂಗಾಗಲ್ಲ ಅಂತ ಗೊತ್ತಲ್ವಾ?'

'ನೀನೇ ಪಢಾಯಾ ನಾ.' ಸ್ಫೂರ್ತಿ ಒಂದೊಂದೇ ಬೆರಳು ಮಡಚಿದಳು. 'ಪಟಾಕಿ, ಲಾರಿ, ಹೊಲದಲ್ಲಿ ಸುಡೋ ಕೂಳೆ, ಊದುಬತ್ತಿ. ಅದ್ರಿಂದ ನಂಬರ್ ಮೇಲೆ ಹೋಗುತ್ತೆ. ಫೋರ್ ಹಂಡ್ರೆಡ್ ಆದ್ರೆ ಸರ್ಕಾರ್ ಸ್ಕೂಲ್ ಬಂದ್ ಮಾಡುತ್ತೆ. ಕಲ್ ನಿಹಾರಿಕಾ ಮತ್ತೆ ಬರ್ತಾಳೆ.'

ಒಂದೂ ತಪ್ಪಿರಲಿಲ್ಲ. ಹೋದ ವಾರ ಕಿಟಕಿಯ ಪಕ್ಕ ಕೂರಿಸಿಕೊಂಡು ಮಾಡಿದ ಪಾಠ. ಮಗಳು ಗಡಗಡ ಒಪ್ಪಿಸಿದಾಗ, 'ಯಾವ ಶಾಲೇಲಿ ಹೀಗೆ ಹೇಳ್ಕೊಡ್ತಾರೆ, ಹೇಳಿ ನೋಡೋಣ' ಎಂದು ಗಂಡನೆದುರು ಬೀಗಿದ್ದಳು. ಈಗ ಮಡಚಿದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಚೆ ಕೋಣೆಯ ಲ್ಯಾಪ್‌ಟಾಪು 'ಸಿಂಧೂರ, ಆರ್ ಯೂ ದೇರ್?' ಎಂದು ಕೇಳುತ್ತಲೇ ಇತ್ತು.

ತೆರೆದ ಕಿಟಕಿಯಿಂದ ಒಳ್ಳೆಯ ಗಾಳಿ ನುಗ್ಗಿ ಬರುತ್ತಿತ್ತು. ಅಂಕಿ ಮುನ್ನೂರಕ್ಕಿಳಿಯಿತು, ಇನ್ನೂರಕ್ಕಿಳಿಯಿತು. ಪ್ಯೂರಿಫೈಯರಿನ ಮೊರೆತ ನಿಂತು ದೀಪ ಹಸಿರಾಯಿತು. ಮಧ್ಯಾಹ್ನದಿಂದ ಅಳದಿದ್ದ ಹುಡುಗಿಯ ತುಟಿ ಈಗ ನಡುಗಿತು.

'ಅಮ್ಮಾ, ಒಂದೇ ಮನೇದು ಸಾಕಾಗಲ್ವಾ?' ಎಂದಳು. 'ಎಲ್ರ ಮನೇಲೂ ಹಚ್ಬೇಕಾ?'