ಸ್ವಿಚ್ಚಿನ ಹತ್ತಿರ ಇನ್ನೊಬ್ಬರು

ಮೈತ್ರೇಯಿ ಯಡ್ರಾಮಿ ಊರಿಗೆ, ಬಸವೇಶ್ವರಿಯ ಮನೆ ಹುಡುಕಿಕೊಂಡು ಬಂದದ್ದು ತನ್ನದೇ ತಪ್ಪನ್ನು ಗೋಂದು ಹಚ್ಚಿ ಮುಚ್ಚಲಿಕ್ಕೆ. ಚೀಲದಲ್ಲಿ ಗೋಂದಿನ ಬಾಟಲಿ, ಅಚ್ಚು ಹಾಕಿಸಿದ ಒಂದು ಹೊಸ ಹಾಳೆ. ಇಂಥ ಹತ್ತು ಮನೆ ಮುಗಿದಿದ್ದವು, ಇದೇ ಕಡೆಯದು.

ಆಳಂದದ ಯಂತ್ರ ಕಾರ್ಖಾನೆಯಲ್ಲಿ ಬಳಸುವವರಿಗೆ ಪುಸ್ತಿಕೆ ಬರೆದುಕೊಡುವವಳು ಅವಳೊಬ್ಬಳೇ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಮಷಿನ್, ಈಗ ಹೊಸದಾಗಿ ರೊಟ್ಟಿ ಮಷಿನ್. ಮೂರಕ್ಕೂ ಹೊಂದುವ ಮಾತನ್ನು ಒಂದೇ ಸಲ ಬರೆದಿಟ್ಟು ಮೂರೂ ಪುಸ್ತಿಕೆಗಳಿಗೆ ಹಾಕುವುದು ಅವಳ ಪದ್ಧತಿ. ಆ ಜಾಣತನವೇ ಕೈಕೊಟ್ಟಿತ್ತು. 'ಒಬ್ಬರು ಮುಚ್ಚಳ ತೆಗೆದು ಒರೆಸುವಾಗ ಇನ್ನೊಬ್ಬರು ಸ್ವಿಚ್ಚಿನ ಹತ್ತಿರ ನಿಂತಿರಬೇಕು' ಎಂಬ ಗಿರಣಿಯ ಸಾಲು ರೊಟ್ಟಿ ಮಷಿನ್ನಿನ ಪುಸ್ತಿಕೆಯಲ್ಲೂ ಬಂದು ಕೂತಿತ್ತು. ಈ ಮಷಿನ್ನಿನ ಮುಚ್ಚಳ ಎತ್ತಿದರೆ ಸಾಕು, ತಾನೇ ನಿಲ್ಲುತ್ತದೆ. ಇನ್ನೊಬ್ಬರಿಗೆ ಅಲ್ಲೇನು ಕೆಲಸ? "ಒಬ್ಬಾಕೇ ಇರೋ ಹೆಣ್ಮಗಳು ಇದನ್ನ ಓದಿ ಮಷಿನ್ ಮೂಲಿಗಿ ಇಡ್ತಾಳ್ರೀ" ಎಂದು ಮಾಲೀಕ ಮಿಲಿಂದ ರೇಗಿದ್ದರು.

ಒಳಗೆ ಜೋಳದ ಹಿಟ್ಟಿನ ಬಿಸಿ ವಾಸನೆ. ಬಸವೇಶ್ವರಿ ಮಷಿನ್ನಿನಿಂದ ರೊಟ್ಟಿ ತೆಗೆಯುತ್ತಿದ್ದಳು. ಗೋಡೆಗೆ ಒರಗಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅರವತ್ತರ ಒಬ್ಬ ಹೆಂಗಸು ಕಾವಲಿನವಳಂತೆ ನಿಂತಿದ್ದಳು. ಮೈತ್ರೇಯಿ ತಾನು ಯಾರೆಂದು ಹೇಳಿದಳು.

"ನಮ್ಮ ನೆಗೆಣ್ಣಿ ರೀ, ಕಸ್ತೂರಿಬಾಯಿ. ನಮ್ಮ ಭಾವನ ಹೇಂತಿ, ಬಾಜೂ ಮನಿ" ಎಂದಳು ಬಸವೇಶ್ವರಿ. "ಅಕ್ಕಾ, ಬುಕ್ ಬರದವರು ಬಂದಾರ, ಚಹಾ ತಗೊಂಬಾ."

ಕಸ್ತೂರಿಬಾಯಿ ಸಡಗರದಿಂದ ಹೋದಳು. ಮೈತ್ರೇಯಿ ಹಾಳೆ ತೆಗೆದು, ನಾಚುತ್ತಲೇ ವಿಷಯ ಹೇಳಿದಳು.

"ಗೊತ್ತದ ರೀ. ಎರಡನೇ ದಿನಾನೇ ಗೊತ್ತಾತು" ಎಂದು ಬಸವೇಶ್ವರಿ ದನಿ ತಗ್ಗಿಸಿದಳು. "ಮನಿ ಪಾಲಾಗಿ ಆರು ವರ್ಷ ಆತು. ನಡುವ ಗ್ವಾಡಿ ಎಬ್ಬಿಸಿದಂದಿನಿಂದ ಇಬ್ರಿಗೂ ಮಾತಿದ್ದಿಲ್ಲ. ಹಬ್ಬಕ್ಕೂ ಇಲ್ಲ, ಜಡ್ಡಿಗೂ ಇಲ್ಲ. ನಿಮ್ಮ ಬುಕ್ಕಿನ್ಯಾಗ ಇಬ್ರ ಬೇಕಂತ ಇತ್ತು. ಹಗಲೆಲ್ಲಾ ಮನ್ಯಾಗ ನಾ ಒಬ್ಬಾಕಿ, ಮತ್ಯಾರ್ನ ಕರೀಲಿ? ಗ್ವಾಡಿ ಮ್ಯಾಲಿಂದ ಕೂಗಿ ಆ ಸಾಲು ಓದಿ ಹೇಳಿದೆ. ಓಡಿ ಬಂದ್ಲು ನೋಡ್ರಿ, ಕೈ ಸೈತ ಒರಿಸ್ಕೊಂಡಿದ್ದಿಲ್ಲ."

ಅವಳ ಕಣ್ಣು ತುಂಬಿತ್ತು. "ಆ ಹಾಳಿ ಅಂಟಿಸಬ್ಯಾಡ್ರಿ, ಕೈ ಮುಗೀತೇನಿ. ಕೆಲಸ ಇಲ್ಲಂದ್ರ ಅಕ್ಕ ಹೆಂಗ ಬರ್ತಾಳ? ಸುಮ್ನ ಬಾ ಅಂತ ಕರಿಯಾಕ ನನಗಿನ್ನೂ ಬಾಯಿ ಬರವಲ್ದು."

ಮೈತ್ರೇಯಿ ಹಾಳೆಯನ್ನು ಮಡಚಿ ಹಿಡಿದಳು. ಐದು ವರ್ಷದಿಂದ ಅವಳು ಎಷ್ಟೋ ಪುಟ ಬರೆದಿದ್ದಳು. ಅದರಲ್ಲಿ ಒಂದು ಸಾಲನ್ನಾದರೂ ಯಾರೋ ಇಷ್ಟು ಜೋಪಾನ ಮಾಡಿದ್ದನ್ನು ಅವಳು ಕಂಡಿದ್ದು ಇದೇ ಮೊದಲು.

ಚಹಾ ಬರುವ ಹೊತ್ತಿಗೆ ಕರೆಂಟ್ ಹೋಯಿತು. ತಲೆಯ ಮೇಲಿನ ಫ್ಯಾನ್ ಗರಗರ ಅಂದು ನಿಂತಿತು. ಮೂವರೂ ಸೆಖೆಯಲ್ಲೇ ಕೂತು ಚಹಾ ಕುಡಿದರು. ನಡುವೆ ಮಿಲಿಂದರ ಫೋನ್ ಬಂತು.

"ಅಂಟಿಸಿದ್ರೇನ್ರಿ?"

"ಇಲ್ಲಿ ಬೇಕಾಗಿಲ್ಲ ಸರ್. ಇವರ ಮನಿಗೆ ಇದ್ದದ್ದೇ ಬರೋಬ್ಬರಿ ಅದ" ಎಂದಳು ಮೈತ್ರೇಯಿ. ಆ ಕಡೆ ಏನು ಅರ್ಥವಾಯಿತೋ, ಅವರು ಫೋನ್ ಇಟ್ಟರು.

ಹಾಳೆಯನ್ನು ಚೀಲಕ್ಕೆ ಹಾಕಿ ಅವಳು ಎದ್ದಾಗಲೂ ಫ್ಯಾನ್ ತಿರುಗುತ್ತಿರಲಿಲ್ಲ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತ ಹಿಂತಿರುಗಿ ನೋಡಿದಳು. ಬಸವೇಶ್ವರಿ ಒರೆಸುವ ಬಟ್ಟೆ ಹಿಡಿದು ಮಷಿನ್ನಿನ ಮುಂದೆ ಕಾಯುತ್ತಿದ್ದಳು. ಕಸ್ತೂರಿಬಾಯಿ ಸೆರಗಿನಿಂದ ಬೆವರೊರೆಸಿಕೊಂಡು, ನೆಟ್ಟಗೆ ನಿಂತು, ಕರೆಂಟಿಲ್ಲದ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಹೂಂ, ಈಗ ಮುಚ್ಚಳ ತಗಿ ಬೇ. ನಾ ನಿಂತೀನಿ."