ಪ್ರೆಸ್ಸಿನ ಮನೆಯ ಅಪೀಲು

ವಕೀಲ ಮತ್ತೆ ಗೋಡೆ ತಟ್ಟುತ್ತಿದ್ದ. ಪ್ರೆಸ್ಸಿನ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ತೆರಿಗೆ ಇಳಿಸಲು ಬಂದವನಿಗೆ ಗೋಡೆಯ ಹತ್ತಿರ ಏನು ಕೆಲಸ? ಕಾನೂನಿನ ಪುಸ್ತಕ ತೆಗೆಯಬೇಕಾದವನು ಟೇಪು ತೆಗೆದಿದ್ದ. ತೊಲೆಯ ಬಿರುಕಿಗೆ ಪೆನ್ಸಿಲು ತೂರಿಸಿ ಫೋಟೊ ಹೊಡೆದುಕೊಂಡ.

“ನಿಮ್ಮ ಫೀಸು ಎಷ್ಟು ಅಂತ ಹೇಳ್ಲೇ ಇಲ್ಲ,” ಎಂದರು ಯಜಮಾನರು.

“ಅದರ ಯೋಚನೆ ನಿಮಗೆ ಬೇಡ ಸಾರ್.”

ಫೀಸಿನ ಮಾತೆತ್ತದ ವಕೀಲ! ಯಜಮಾನರ ಅನುಮಾನ ಅಲ್ಲಿಂದಲೇ ಗಟ್ಟಿಯಾಯಿತು.

ಅವರಪ್ಪ ಕಟ್ಟಿಸಿದ ಮನೆ ಅದು. ಕೆಳಗೆ ಪ್ರೆಸ್ಸು, ಮೇಲೆ ಗಂಡ ಹೆಂಡತಿ. ಪೂರ್ತಿ ವಾಸದ ಮನೆಯೆಂದು ಹೇಳಿಕೊಂಡು ಕಡಿಮೆ ತೆರಿಗೆಯಲ್ಲಿ ಹಾಯಾಗಿದ್ದರು. ಯಾರೋ ಪುಣ್ಯಾತ್ಮ ನಗರಸಭೆಯ ಕಚೇರಿಗೆ ಹೋಗಿ, ಕೆಳಗೆ ಮಿಷನ್ ಓಡುತ್ತದೆ ಎಂದು ಊದಿಬಿಟ್ಟ. ತೆರಿಗೆ ಒಂದೇ ಸಲಕ್ಕೆ ಕೈಗೆಟುಕದಷ್ಟು ಏರಿತು. ಕಟ್ಟದಿದ್ದರೆ ಮನೆ ಹರಾಜಿಗೆ. ಎದುರಿನ ಫರ್ನಿಚರ್ ಅಂಗಡಿಯವನು ಹಿಂದೊಮ್ಮೆ ಈ ಮನೆಯನ್ನು ಗೋಡೌನಿಗೆ ಕೇಳಿದ್ದ. ಊದಿದವನು ಅವನೇ ಎಂದು ಯಜಮಾನರು ತೀರ್ಪು ಕೊಟ್ಟು, ಅವನ ಜೊತೆ ಮಾತು ಬಿಟ್ಟಿದ್ದರು.

ವಕೀಲನನ್ನು ಗೊತ್ತು ಮಾಡಿದ್ದು ಹೆಂಡತಿ. ನೋಟಿಸು ಬಂದಾಗ ಯಜಮಾನರು ಮನೆ ತುಂಬ ಕೂಗಾಡುತ್ತಿದ್ದರೆ, ಅವಳು ತಣ್ಣಗೆ ಟೀ ಸೋಸುತ್ತ, “ನನಗೊಬ್ಬ ವಕೀಲರು ಗೊತ್ತು ರೀ,” ಎಂದಿದ್ದಳು.

“ಒಂದ್ಸಲ ಮಿಷನ್ ಓಡಿಸಿ ಸಾರ್,” ಎಂದ ವಕೀಲ.

ಮಿಷನ್ ಓಡಿತು. ಮಹಡಿ ಗಡಗಡ ನಡುಗಿ, ತೊಲೆಯಿಂದ ಗಾರೆ ಉದುರಿತು. ಹೆಂಡತಿ ಗೋಡೆ ಹಿಡಿದುಕೊಂಡು ಇಳಿದು ಬಂದಳು.

“ನಮ್ಮ ಮಂಚದ ಮೇಲಿನ ಬಿರುಕೂ ನೋಡಿ. ಗಾರೆ ಬೀಳದ ಕಡೆಗೆ ಮಂಚ ಎಳೆದು ಎಳೆದು ಸಾಕಾಗಿದೆ.”

“ನೀನು ಸುಮ್ಮನಿರು! ಮನೆ ಮಾನ ಕಳೀಬೇಡ.”

“ಕಳೀಲಿ ಬಿಡಿ,” ವಕೀಲ ನಕ್ಕ. “ಕಟ್ಟಡ ಎಷ್ಟು ಹಾಳಾಗಿದ್ರೆ ಬೆಲೆ ಅಷ್ಟು ಕಮ್ಮಿ. ಬೆಲೆ ಕಮ್ಮಿಯಾದ್ರೆ ತೆರಿಗೆ ಕಮ್ಮಿ.”

ಯಜಮಾನರ ಕಿವಿ ನೆಟ್ಟಗಾಯಿತು. ಮರುಗಳಿಗೆಯಲ್ಲಿ ಅವರೇ ಮುಂದಾಗಿ ಗೋಡೆಯ ಕ್ಯಾಲೆಂಡರುಗಳನ್ನು ಕಿತ್ತರು. ತಾವೇ ಅಚ್ಚು ಹಾಕಿದ ಕ್ಯಾಲೆಂಡರುಗಳು; ಒಂದೊಂದರ ಹಿಂದೆಯೂ ಒಂದೊಂದು ಬಿರುಕು. ಹಿಂದೆ ಹೆಂಡತಿ ಯಾರೋ ಇಂಜಿನಿಯರನ್ನು ಕರೆತಂದಾಗ, ಅವನು ಫರ್ನಿಚರಿನವನ ಏಜೆಂಟೆಂದು ಗದರಿಸಿ ಓಡಿಸಿ, ಅಂದೇ ಈ ಕ್ಯಾಲೆಂಡರುಗಳನ್ನು ತೂಗುಹಾಕಿದ್ದರು.

ಆದರೂ ಅನುಮಾನ ಬಿಡಲಿಲ್ಲ. ಸಂಜೆ ಕಿಟಕಿಯಿಂದ ಇಣುಕಿದರೆ, ವಕೀಲ ಫರ್ನಿಚರಿನವನ ಜೊತೆ ನಗುನಗುತ್ತ ಅಂಗಡಿಯ ಮೇಲಿನ ಖಾಲಿ ಕೋಣೆಗಳನ್ನು ನೋಡುತ್ತಿದ್ದ. ಒಳಗೆ ಬಂದರೆ ಹೆಂಡತಿ ಪಾತ್ರೆಗಳನ್ನು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟುತ್ತಿದ್ದಳು.

“ಇದೇನೇ?”

“ಗಾರೆ ಬೀಳುತ್ತಲ್ಲ ರೀ.”

ಅಪೀಲಿನ ವಿಚಾರಣೆಯ ದಿನ ನಗರಸಭೆಯ ಅಧಿಕಾರಿ ಫೋಟೊಗಳನ್ನು ನೋಡಿ ಕನ್ನಡಕ ತೆಗೆದರು. “ಪರಿಸ್ಥಿತಿ ನಿಜವಾಗ್ಲೂ ಇಷ್ಟು ಕೆಟ್ಟಿದೆಯಾ? ನೀವೇ ಹೇಳಿ.”

“ಇನ್ನೂ ಕೆಟ್ಟಿದೆ ಸಾರ್!” ಯಜಮಾನರು ಎದೆ ಸೆಟೆಸಿ ನಿಂತರು. “ಯಾವ ಗಳಿಗೇಲಿ ತಲೆ ಮೇಲೆ ಬೀಳುತ್ತೋ! ಜೀವ ಕೈಲಿ ಹಿಡ್ಕೊಂಡು ಮಲಗ್ತೀವಿ.”

“ಸರಿ. ತೆರಿಗೆ ಇಳಿಸಿದೀನಿ,” ಎಂದರು ಅಧಿಕಾರಿ. ಯಜಮಾನರ ಮುಖ ಅರಳಿತು. “ಆದರೆ ಇವತ್ತೇ ಮನೆ ಖಾಲಿ ಮಾಡಿ. ಪೂರ್ತಿ ರಿಪೇರಿ ಆಗೋ ತನಕ ಅಲ್ಲಿ ಯಾರೂ ಇರೋ ಹಾಗಿಲ್ಲ, ಮಿಷನ್ನೂ ಓಡಿಸೋ ಹಾಗಿಲ್ಲ.”

ಹೊರಗೆ ಬಂದವರೇ ಯಜಮಾನರು ವಕೀಲನ ತೋಳು ಹಿಡಿದರು. “ಯಾರ ಕಡೆಯವನಯ್ಯಾ ನೀನು?”

“ನಿಮ್ಮ ಮನೆ ಕಡೆಯವನೇ ಸಾರ್,” ಎಂದ ಅವನು, ಮೆಲ್ಲಗೆ ತೋಳು ಬಿಡಿಸಿಕೊಳ್ಳುತ್ತ.

ಮನೆಗೆ ಓಡಿಬಂದರೆ ಬಾಗಿಲಿಗೆ ಬೀಗ. ಎದುರಿನ ಫರ್ನಿಚರ್ ಅಂಗಡಿಯ ಮೇಲಿನ ಕೋಣೆಯಿಂದ ಹೆಂಡತಿ ಕೈ ಬೀಸಿ ಕರೆದಳು. ಗಂಟುಗಳೆಲ್ಲ ಅಲ್ಲಿ ಆಗಲೇ ಬಿಚ್ಚಿದ್ದವು. ಮಂಚ ಕೋಣೆಯ ನಟ್ಟನಡುವೆ ಇತ್ತು.

ಯಜಮಾನರಿಗೆ ಮೈಯೆಲ್ಲ ಉರಿಯಿತು. ಉರಿಯ ಒಳಗೆ ಅಳುವೂ ಇತ್ತು. “ನಮ್ಮಪ್ಪ ಕಟ್ಟಿಸಿದ ಮನೆ ಕಣೇ! ಈ ಫರ್ನಿಚರಿನವನು ಕಚೇರಿಗೆ ಹೋಗಿ ಊದದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ? ನೀನು ಬಂದು ಅವನ ಸೂರಿನ ಕೆಳಗೇ ಸೇರ್ಕೊಂಡಿದೀಯ!”

ಅವಳು ಅವರನ್ನು ಮಂಚದ ಮೇಲೆ ಕೂರಿಸಿದಳು. ತಲೆಯೆತ್ತಿ ಸೂರನ್ನೊಮ್ಮೆ ನೋಡಿದಳು. ಎಲ್ಲೂ ಬಿರುಕಿರಲಿಲ್ಲ.

“ಪಾಪ, ಅವರನ್ನ ಬೈಬೇಡಿ ರೀ. ಕಚೇರಿಗೆ ಹೋಗಿ ಹೇಳಿದ್ದು ನಾನು.”